ಪುಟ್ಟಿ, ಪ್ಯಾರಿಷ್ ಕೌನ್ಸಿಲ್‌ಗೆ ಹೋಗ್ಲಾ ಅಂದ್ಯಲ್ಲ

ಪುಟ್ಟಿ, ಬೆಳಗ್ಗೆ ನೀನು ಫ್ಯಾಮಿಲಿ ಗ್ರೂಪಲ್ಲಿ ಹಾಕಿದ್ದ ಫೋಟೋ ಈಗ ನೋಡ್ದೆ ಕಣೆ, ಟ್ರೈನಲ್ಲಿದ್ದೆ. ಇಲ್ಲಿ ಇಂಗ್ಲೆಂಡಲ್ಲಿ ನಿಮ್ಮೂರ ನೋಟಿಸ್ ಬೋರ್ಡಲ್ಲಿ ಪ್ಯಾರಿಷ್ ಕೌನ್ಸಿಲ್ ಸೀಟ್ ಒಂದು ಖಾಲಿ ಇದೆ ಅಂತ ಅಂಟಿಸಿದಾರೆ, "ಸಂಬಳ ಇಲ್ಲ ಏನಿಲ್ಲ ಯಾಕೆ ಬೇಕು ಅಂತಾರೆ ಇವ್ರು, ನೀನೇನಂತೀಯ ಅಕ್ಕ" ಅಂತ ಕೇಳಿದೀಯ. ಅದಕ್ಕೆ ದೊಡ್ಡಪ್ಪ, ಇದು ಚರ್ಚ್ ಕಮಿಟಿನೇನಮ್ಮಾ ಅಂದಿದಾರೆ. ನಾನು ಐದು ವರ್ಷದಿಂದ ಅಂಥದ್ದೇ ಕುರ್ಚಿಲಿ ಕೂತಿದೀನಲ್ಲ, ಸ್ವಲ್ಪ ಉದ್ದ ಆಗುತ್ತೆ, ಅಡ್ಜಸ್ಟ್ ಮಾಡ್ಕೊಳ್ಳಿ.

ಚರ್ಚ್ ಅಲ್ಲ ದೊಡ್ಡಪ್ಪ. ಮುಂಚೆ ಊರಿನ ಕೆಲಸ ಎಲ್ಲ ಚರ್ಚಿನ ಸಭೆಲೇ ಆಗ್ತಿತ್ತಂತೆ, 1894ರ ಕಾನೂನಲ್ಲಿ ಅದನ್ನ ಬಿಡಿಸಿ ಊರಿನವ್ರು ಆರಿಸೋ ಕೌನ್ಸಿಲ್‌ಗೆ ಕೊಟ್ರು, ಹೆಸರು ಮಾತ್ರ ಹಂಗೇ ಉಳ್ಕೊಂಡಿದೆ. ನೀವು ಗ್ರಾಮ ಪಂಚಾಯ್ತಿ ಮೆಂಬರ್ ಆಗಿದ್ರಲ್ಲ, ಅದಕ್ಕೊಬ್ಳು ಬಡ ತಂಗಿ ಅನ್ಕೊಳ್ಳಿ. ನರೇಗಾ ಇಲ್ಲ, ಆಶ್ರಯ ಮನೆ ಹಂಚೋದಿಲ್ಲ. ಮಕ್ಕಳ ಪಾರ್ಕು, ಬಸ್ ಶೆಲ್ಟರ್, ಬೆಂಚು, ಜನ ತರಕಾರಿ ಬೆಳ್ಕೊಳಕ್ಕೆ ಬಾಡಿಗೆಗೆ ಕೊಡೋ ಅಲಾಟ್‌ಮೆಂಟ್, ಕೆಲವು ಕಡೆ ಸ್ಮಶಾನ, ಇಷ್ಟೇ. ದುಡ್ಡು ಮನೆಗೆ ಕಟ್ಟೋ ಕೌನ್ಸಿಲ್ ಟ್ಯಾಕ್ಸ್ ಜೊತೆ ನಮ್ಮ ಪಾಲು, ಪ್ರಿಸೆಪ್ಟ್ ಅಂತ ವಸೂಲಾಗಿ ಬರುತ್ತೆ. ನಮ್ಮ ಮೇಲೆ ಡಿಸ್ಟ್ರಿಕ್ಟ್, ಕೌಂಟಿ ಅಂತ ದೊಡ್ಡ ಕೌನ್ಸಿಲ್‌ಗಳಿವೆ. ನಮ್ಮ ಕಡೆ ರಸ್ತೆ ಗುಂಡಿ ಕೌಂಟಿಯವ್ರದು, ಕಸ ಡಿಸ್ಟ್ರಿಕ್ಟ್‌ನವ್ರದು, ಬೈಸ್ಕೊಳೋದು ಮಾತ್ರ ನಾವು, ಹಾಲು ತಗೊಳಕ್ಕೆ ಅಂಗಡಿಗೆ ಹೋದ್ರೆ ಅಲ್ಲೇ ಹಿಡ್ಕೋತಾರೆ.

ಈಗ ಯಾಕೆ ಬೇಕು ಅಂತ. ಸೇವೆ ಗೀವೆ ಅಂತ ನಾನು ಹೇಳಲ್ಲ ಪುಟ್ಟಿ. ಈ ಊರಲ್ಲಿ ಸ್ವಂತ ಮನೆ ತಗೊಂಡಮೇಲೂ ನಾನು ನೆಂಟರ ಮನೇಲಿ ಇರೋ ಹಾಗೇ ಇದ್ದೆ, ಎದುರು ಸಿಕ್ಕಿದ್ರೆ ನಗೋದು, ಮಳೆ ಬಗ್ಗೆ ಎರಡು ಮಾತು, ಮನೆಗೆ ಬಂದು ಬಾಗ್ಲು ಹಾಕ್ಕೊಳೋದು, ಏನಾದ್ರೂ ಸರಿಯಿಲ್ಲ ಅಂದ್ರೆ ಇವರ ಹತ್ರ ಗೊಣಗೋದು. ಕೌನ್ಸಿಲ್‌ಗೆ ಹೋದಮೇಲೆ ನನ್ನ ಗೊಣಗಾಟಕ್ಕೊಂದು ವಿಳಾಸ ಸಿಕ್ತು ನೋಡು.

ಊರಂಚಿನ ಹೊಲದಲ್ಲಿ ನಲವತ್ತು ಮನೆ ಕಟ್ಟಕ್ಕೆ ಅರ್ಜಿ ಬಂತು. ಒಪ್ಪೋದು ಬಿಡೋದು ಡಿಸ್ಟ್ರಿಕ್ಟ್ ಕೈಲಿ, ನಮ್ಮನ್ನ ಅಭಿಪ್ರಾಯ ಕೇಳ್ತಾರೆ ಅಷ್ಟೆ. ಎಲ್ರೂ ಬೇಡ ಅಂತ ಬರೆದು ಕಳಿಸೋ ಮೂಡಲ್ಲಿದ್ರು. ನಮ್ಮ ಕೌನ್ಸಿಲ್‌ನ ಏಳು ಜನದಲ್ಲಿ ದಿನಾ ಸ್ಕೂಲಿಗೆ ಮಗು ಗಾಡಿ ತಳ್ಕೊಂಡು ಹೋಗೋಳು ನಾನೊಬ್ಳೇ. ಪ್ಲಾನ್ ಟೇಬಲ್ ಮೇಲೆ ಹರಡಿ ಬೆರಳಿಟ್ಟು ತೋರಿಸ್ದೆ, ಇಲ್ಲಿಂದ ಸ್ಕೂಲ್ ಗೇಟ್‌ವರೆಗೂ ಫುಟ್‌ಪಾತೇ ಇಲ್ಲ, ಕೆಸರಲ್ಲಿ ನಡೀಬೇಕು, ಕಾರ್ ಬಂದ್ರೆ ಗಾಡಿನ ಬೇಲಿಯೊಳಗೆ ತೂರಿಸ್ಬೇಕು ಅಂತ. ಅವ್ರಿಗೆ ಗೊತ್ತೇ ಇರ್ಲಿಲ್ಲ ಕಣೆ! ಅವ್ರ ಮಕ್ಕಳೆಲ್ಲ ಸ್ಕೂಲ್ ಬಿಟ್ಟು ಎಷ್ಟು ಕಾಲ ಆಯ್ತೋ. ಅದೂ ಪತ್ರಕ್ಕೆ ಸೇರ್ತು. ಮನೆ ಕಟ್ಟೇ ಕಟ್ಟಿದ್ರು, ಆದ್ರೆ ಪರ್ಮಿಷನ್ ಷರತ್ತಲ್ಲಿ ಫುಟ್‌ಪಾತೂ ಬಂತು. ನೂರಾ ನಲವತ್ತು ಹೆಜ್ಜೆ, ಎಣಿಸಿದೀನಿ.

ತಲೆನೋವೂ ಇದೆ ಮತ್ತೆ. ನಾಯಿ ಗಲೀಜು ಹಾಕೋ ಡಬ್ಬ ಕೆರೆ ಹತ್ರ ಇಡ್ಬೇಕೋ ಗೇಟ್ ಹತ್ರ ಇಡ್ಬೇಕೋ ಅಂತ ಐವತ್ತು ನಿಮಿಷ ಚರ್ಚೆ ಆಗಿ ಕೊನೆಗೆ ಮುಂದಿನ ತಿಂಗಳಿಗೆ ಮುಂದೂಡಿದ್ವಿ. 2021ರಲ್ಲಿ ಹ್ಯಾಂಡ್‌ಫೋರ್ತ್ ಅನ್ನೋ ಊರಿನವ್ರ ಜೂಮ್ ಮೀಟಿಂಗ್ ಜಗಳ ವೈರಲ್ ಆಗಿತ್ತಲ್ಲ, ಅಷ್ಟೇನಿಲ್ಲ ನಮ್ಮಲ್ಲಿ. ಇನ್ನೊಂದು, ನಿನ್ನ ಕೆಲಸ, ಮನೆ, ಜಮೀನು ಎಲ್ಲ ರಿಜಿಸ್ಟರಲ್ಲಿ ಬರ್ಕೊಡ್ಬೇಕು, ಯಜಮಾನ್ರದೂ ಸೇರಿಸಿ, ಯಾರು ಬೇಕಾದ್ರೂ ನೋಡ್ಬಹುದು. ಇದನ್ನ ಅವ್ರಿಗೆ ಇವತ್ತೇ ಹೇಳ್ಬಿಡು, ಆಮೇಲೆ ಮುಖ ಊದಿಸ್ಕೊಳೋದು ಬೇಡ. ಆರು ತಿಂಗಳು ಕಾರಣ ಒಪ್ಪಿಸ್ದೆ ಚಕ್ಕರ್ ಹಾಕಿದ್ರೆ ಸೀಟು ಹೋಗುತ್ತೆ, ಇಂಡಿಯಾಗೆ ಹೋಗೋದಿದ್ರೆ ಕೌನ್ಸಿಲ್‌ಗೆ ತಿಳಿಸಿ ಹೋಗು.

ಇಂಡಿಯನ್ ಪಾಸ್‌ಪೋರ್ಟ್ ಇದ್ರೆ ಆಗುತ್ತಾ ಅಂದ್ಯಲ್ಲ, ಆಗುತ್ತೆ. ನಮ್ಮದು ಕಾಮನ್‌ವೆಲ್ತ್ ದೇಶ, ನಿನಗೆ ಐಎಲ್‌ಆರ್, ಅಂದ್ರೆ ಇಲ್ಲೇ ಖಾಯಂ ಇರೋ ಪರ್ಮಿಷನ್, ಬಂದಿದೆ, ವೋಟರ್ ಲಿಸ್ಟಲ್ಲಿ ಹೆಸರಿದೆ, ಸಾಕು. ವೀಸಾದಲ್ಲಿರೋರು ವೋಟ್ ಹಾಕ್ಬಹುದು, ನಿಲ್ಲಕ್ಕಾಗಲ್ಲ. ಖಾಲಿ ಸೀಟಿಗೆ ಕೋ-ಆಪ್ಷನ್ ಅಂದ್ರೆ ಇರೋ ಮೆಂಬರ್‌ಗಳೇ ಆರಿಸ್ಕೋತಾರೆ, ಎಲೆಕ್ಷನ್ ಆದ್ರೂ ಊರಿನ ಇಬ್ಬರ ಸಹಿ ಸಾಕು, ಡೆಪಾಸಿಟ್ಟೂ ಇಲ್ಲ. ಮಾಮ ಆಗ್ಲೇ, ನೀರಜ್ ಪಾಟೀಲ್ ಥರ ಮೇಯರ್ ಆಗ್ತಾಳೆ ಬಿಡು, ಬಸವಣ್ಣನ ಪ್ರತಿಮೆ ಇಡಿಸ್ತಾಳೆ ಅಂತ ಕಾಲೆಳೀತಿದಾರೆ. ಮಾಮ, ಅವ್ರು ಲಂಡನ್‌ನ ಲ್ಯಾಂಬೆತ್‌ನಲ್ಲಿ ಪಾರ್ಟಿಯಿಂದ ಗೆದ್ದು ಮೇಯರ್ ಆದೋರು, ಅದು ದೊಡ್ಡ ಆಟ. ನಮ್ಮೂರಲ್ಲಿ ನೀನ್ಯಾವ ಪಾರ್ಟಿ ಅಂತ ಇದುವರೆಗೂ ಒಬ್ರೂ ಕೇಳಿಲ್ಲ, ಬೆಂಚಿಗೆ ಯಾವ ಬಣ್ಣ ಅಂತ ಕೇಳಿದಾರೆ.

ಪುಟ್ಟಿ, ಅರ್ಜಿ ಬರೆಯೋಕೆ ಮುಂಚೆ ಒಂದು ಮೀಟಿಂಗಿಗೆ ಸುಮ್ನೆ ಹೋಗಿ ಹಿಂದೆ ಕೂತ್ಕೊಂಡು ಬಾ, ಊರಿನವ್ರು ಯಾರು ಬೇಕಾದ್ರೂ ಹೋಗ್ಬಹುದು. ಅಜೆಂಡಾ ಮೂರು ದಿನ ಮುಂಚೆ ಅದೇ ಬೋರ್ಡಿಗೆ ಹಾಕಿರ್ತಾರೆ, ಅದರ ಫೋಟೋನೂ ಕಳ್ಸು. ದಪ್ಪ ಸ್ವೆಟರ್ ಹಾಕ್ಕೊಂಡು ಹೋಗು, ಆ ಹಾಲ್‌ಗಳಲ್ಲಿ ಹೀಟರ್ ಹಾಕಕ್ಕೆ ಜೀವ ಬಿಡ್ತಾರೆ.