ಅಪ್‌ಡೇಟ್: ಅಂಬಾಸಿಡರ್ ಹೆಡ್ ಸ್ಟಡ್ ಕೊನೆಗೂ ಚೇಂಜ್ ಮಾಡ್ದೆ

ಅಪ್ಪನ ಹಳೇ 1489 ಸಿಸಿ ಅಂಬಾಸಿಡರ್ ಇಂಜಿನ್ ಬಿಚ್ಚಿದೀನಿ, ಹೆಡ್ ಸ್ಟಡ್ (ಇಂಜಿನ್ ಹೆಡ್ಡನ್ನ ಕೆಳಗಿನ ಬ್ಲಾಕಿಗೆ ಬಿಗಿಯೋ ಥ್ರೆಡ್ ರಾಡು) ಹಳೇವೇ ಸಾಕಾ ಅಂತ ಹಿಂದೆ ಕೇಳಿದ್ನಲ್ಲ, ಹೊಸಾವೇ ಹಾಕ್ದೆ. ಹಳೇವಕ್ಕೆ ಡಬಲ್ ನಟ್ ಹಾಕಿ (ಎರಡು ನಟ್ ಒಂದಕ್ಕೊಂದು ಬಿಗಿದು) ತಿರುಗಿಸಿದ್ರೆ ಎರಡು ಸ್ಟಡ್ ಜಪ್ಪಯ್ಯ ಅಂದ್ರೂ ಅಲ್ಲಾಡ್ಲಿಲ್ಲ, ರಾತ್ರಿಯಿಡೀ ಎಣ್ಣೆ ಬಿಟ್ಟು ಬೆಳಿಗ್ಗೆ ಬಿಸಿ ಮಾಡಿದ್ಮೇಲೆ ಕಿರ್ ಅಂತ ಬಂದ್ವು. ಹೊಸಾದ್ರ ಪಕ್ಕ ಇಟ್ರೆ ಹಳೇದ್ರ ಥ್ರೆಡ್ ಎಳೆದು ಸಣ್ಣ ಆಗಿರೋದು ಕಣ್ಣಿಗೇ ಕಾಣುತ್ತೆ, ನಟ್ ಕೈಲಿ ತಿರುಗಿಸಿದ್ರೆ ಅಲ್ಲೇ ಹಿಡ್ಕೊಳ್ಳುತ್ತೆ. ಬ್ಲಾಕಲ್ಲಿ ತೂತಿನ ಸುತ್ತ ಉಬ್ಬಿತ್ತು, ಪಿ.ಬಿ. ರಸ್ತೆ ಕಡೆ ಲೇಥ್‌ನವ್ರು ಕೌಂಟರ್‌ಸಿಂಕ್ ಹೊಡ್ದು (ತೂತಿನ ಬಾಯಿ ಇಳಿಜಾರಾಗಿ ಕೊರೆದು) ಕೊಟ್ರು, ಇಲ್ದಿದ್ರೆ ಹೆಡ್ಡಿಗೂ ಬ್ಲಾಕಿಗೂ ನಡುವೆ ಕೂರೋ ಗ್ಯಾಸ್ಕೆಟ್ ಸರಿಯಾಗಿ ಕೂರ್ತಿರ್ಲಿಲ್ಲ. ಸ್ಟಡ್ ಬ್ಲಾಕಿಗೆ ಕೈಲೇ ಟೈಟ್ ಮಾಡಿದ್ದು. ನಟ್ ಮಾತ್ರ ನಡುವಿಂದ ಹೊರಗಡೆಗೆ, ಮೂರು ಸಲ ಟಾರ್ಕ್ (ಬಿಗಿಯೋ ಬಲ) ಏರಿಸ್ತಾ ಬಿಗಿದೆ. ನಿನ್ನೆ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗಿ ಬಂದೆ, ರೇಡಿಯೇಟರ್ ನೀರು ಒಂದ್ ಹನಿ ಕಮ್ಮಿ ಆಗಿಲ್ಲ. ನಾಳೆ ತಣ್ಣಗಿದ್ದಾಗ ಇನ್ನೊಂದ್ಸಲ ಟಾರ್ಕ್ ನೋಡ್ಬೇಕು, ಟ್ಯಾಪೆಟ್ ಗ್ಯಾಪೂ (ವಾಲ್ವ್ ಹತ್ರ ಬಿಡೋ ಸಣ್ಣ ಸಂದು).