ಬೆಂಗಳೂರಿನ ಸುತ್ತ ಒಂದು ಗಂಟೆ ಕಾಲ ಒಂದೇ ಸಮನೆ ಏರುವ ರಸ್ತೆ ಎಲ್ಲಿದೆ?

ಏರುದಾರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮುಂದಿನ ಜುಲೈನಲ್ಲಿ ಮನಾಲಿಯಿಂದ ಲೇಹ್‌ವರೆಗೆ ರೋಡ್ ಸೈಕಲ್‌ಗಳಲ್ಲಿ ಹೋಗಬೇಕೆಂದು ನಾವು ಮೂವರು ಗೆಳೆಯರು ನಿಶ್ಚಯಿಸಿದ್ದೇವೆ. ಮನಾಲಿಯಿಂದ ರೋಹ್ತಾಂಗ್‌ವರೆಗಿನ ಸುಮಾರು 50 ಕಿ.ಮೀ. ದಾರಿ ಹೆಚ್ಚುಕಡಿಮೆ 1,900 ಮೀಟರ್ ಮೇಲೇರುತ್ತದೆ. ಅದಕ್ಕೆ ಕಾಲುಗಳನ್ನು ಸಿದ್ಧಗೊಳಿಸಲು ಕಳೆದ ಎರಡು ತಿಂಗಳಿಂದ ಪ್ರತಿ ಭಾನುವಾರ ನಂದಿಬೆಟ್ಟಕ್ಕೆ ಹೋಗುತ್ತಿದ್ದೇನೆ. ಆದರೆ ಉಸಿರು ಒಂದು ಲಯಕ್ಕೆ ಬರುವಷ್ಟರಲ್ಲಿ ಬೆಟ್ಟವೇ ಮುಗಿದುಹೋಗುತ್ತದೆ. ಕೆಳಭಾಗ ಸೌಮ್ಯವಾಗಿದ್ದು ಮೇಲ್ಭಾಗ ಕಡಿದಾಗಿರುವುದರಿಂದ ಒಂದೇ ಪ್ರಮಾಣದ ಶ್ರಮವನ್ನು ಕೊನೆಯವರೆಗೆ ಉಳಿಸಿಕೊಳ್ಳಲು ಆಗುತ್ತಿಲ್ಲ. ನಡುವೆ ಇಳಿಜಾರಾಗಲಿ ಸಮತಟ್ಟಾಗಲಿ ಬಾರದೆ ಕನಿಷ್ಠ ಒಂದು ಗಂಟೆ ಏರುತ್ತಲೇ ಇರುವ ರಸ್ತೆಗಳು ನಮ್ಮಲ್ಲಿ ಎಲ್ಲಿವೆ? ಅಂಥ ರಸ್ತೆಯನ್ನು ಹೋಗಿ ನೋಡುವ ಮೊದಲೇ ಗುರುತಿಸುವ ಬಗೆಯೇನಾದರೂ ಇದೆಯೇ? ದಯವಿಟ್ಟು ತಿಳಿಸಿ.

ಘಾಟಿ ಸವಾರ

ನಿಮ್ಮ ಪ್ರಶ್ನೆಯ ಎರಡನೆಯ ಭಾಗ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಹುಡುಕುವ ಬಗೆ ತಿಳಿದರೆ ಯಾವ ಊರಿಗೆ ಹೋದರೂ ಏರು ಸಿಗುತ್ತದೆ.

ಸರ್ವೆ ಆಫ್ ಇಂಡಿಯಾದ 1:50,000 ಪ್ರಮಾಣದ ಭೂಪಟದಲ್ಲಿ ಎರಡು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ಅದರಲ್ಲಿನ ಸಮೋನ್ನತಿ ರೇಖೆಗಳ (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳ) ನಡುವಿನ ಎತ್ತರದ ಅಂತರ ಸಾಮಾನ್ಯವಾಗಿ 20 ಮೀಟರ್. ನಾನು ಹೊಲಿಗೆಯ ದಾರವೊಂದಕ್ಕೆ ಎರಡು ಸೆಂಟಿಮೀಟರಿಗೊಂದರಂತೆ ಶಾಯಿಯ ಗುರುತು ಹಾಕಿಟ್ಟುಕೊಂಡಿದ್ದೇನೆ. ಭೂಪಟದ ಮೇಲೆ ರಸ್ತೆ ಬಳುಕಿದಂತೆಲ್ಲ ಆ ದಾರವನ್ನೂ ಬಳುಕಿಸಿ ಇಟ್ಟು, ಗುರುತಿನಿಂದ ಗುರುತಿಗೆ ಎಷ್ಟು ರೇಖೆಗಳನ್ನು ದಾಟಿತು ಎಂದು ಎಣಿಸುತ್ತೇನೆ. ಮೂರು ರೇಖೆ ದಾಟಿದರೆ ಕಿಲೋಮೀಟರಿಗೆ 60 ಮೀಟರ್, ಅಂದರೆ ಶೇ. 6ರ ಏರು. ಪ್ರತಿ ಗುರುತಿನ ನಡುವೆಯೂ ಎರಡೋ ಮೂರೋ ರೇಖೆಗಳು ತಪ್ಪದೆ ಬರುತ್ತಿದ್ದರೆ ಅದೇ ನೀವು ಹುಡುಕುತ್ತಿರುವ ರಸ್ತೆ. ಒಂದು ಕಡೆ ಐದು, ಮುಂದೆ ಸೊನ್ನೆ, ಮತ್ತೆ ನಾಲ್ಕು ಎಂದು ಬಂದರೆ ಸರಾಸರಿ ಎಷ್ಟೇ ಚೆನ್ನಾಗಿ ಕಂಡರೂ ಅದು ನಿಮ್ಮ ಕೆಲಸಕ್ಕೆ ಬಾರದು.

ಈಗ ಜಾಲತಾಣಗಳೇ ಏರಿನ ನಕ್ಷೆಯನ್ನು ಬರೆದು ಕೊಡುತ್ತವೆ ಎಂಬುದು ನಿಜ, ನಾನೂ ಅವನ್ನು ಬಳಸುತ್ತೇನೆ. ಆದರೆ ಉಪಗ್ರಹ ಅಥವಾ ರಾಡಾರ್ ಅಳತೆಯಿಂದ ಬಂದ ಎತ್ತರದ ಅಂಕಿಗಳು ಹತ್ತಾರು ಮೀಟರ್ ಅಗಲದ ಚೌಕಗಳ ಲೆಕ್ಕದಲ್ಲಿರುತ್ತವೆ. ಬೆಟ್ಟದ ಮಗ್ಗುಲನ್ನು ಕೊರೆದು ಮಾಡಿದ ಘಾಟಿ ರಸ್ತೆಯಲ್ಲಿ ಒಂದೇ ಚೌಕದೊಳಗೆ ಮೇಲಿನ ದರೆಯೂ ಕೆಳಗಿನ ಕಮರಿಯೂ ಸೇರಿಬಿಡುವುದರಿಂದ, ಇಲ್ಲದ ಶೇ. 20ರ ಏರುಗಳೂ ಇಲ್ಲದ ಇಳಿಜಾರುಗಳೂ ನಕ್ಷೆಯಲ್ಲಿ ಮೂಡುತ್ತವೆ. ಅವನ್ನು ಕಂಡು ಹೆದರಿ ಒಳ್ಳೆಯ ರಸ್ತೆಯನ್ನು ಕೈಬಿಡಬೇಡಿ. ಆ ದಾರಿಯಲ್ಲಿ ನಿಜವಾಗಿ ಸಾಗಿದವರ ದಾಖಲೆಯಲ್ಲಿ, ವಾಯುಭಾರದಿಂದ ಎತ್ತರ ಅಳೆಯುವ ಸೈಕಲ್ ಕಂಪ್ಯೂಟರಿನ ಅಂಕಿಗಳಿದ್ದರೆ ಅವನ್ನು ನಂಬಬಹುದು.

ಇನ್ನು ನೇರ ಉತ್ತರ: ಸಂಪಾಜೆಯಿಂದ ಮಡಿಕೇರಿ. ಪಯಸ್ವಿನಿಯ ಕಣಿವೆಯಲ್ಲಿರುವ ಸಂಪಾಜೆಯಿಂದ ಹೊರಟು ಕೊಯನಾಡು, ಜೋಡುಪಾಲ, ಮದೆನಾಡುಗಳನ್ನು ದಾಟಿ ಮಡಿಕೇರಿ ತಲುಪುವ ಹೊತ್ತಿಗೆ ಇಪ್ಪತ್ತೈದು ಕಿಲೋಮೀಟರಿಗೂ ತುಸು ಹೆಚ್ಚು ದೂರದಲ್ಲಿ ಸುಮಾರು ಸಾವಿರ ಮೀಟರ್ ಏರಿರುತ್ತೀರಿ. ಆರಂಭದ ಕೆಲವು ಕಿಲೋಮೀಟರ್ ಸೌಮ್ಯವಾಗಿದ್ದು ಮೈ ಬಿಸಿಯಾಗಲು ಅವಕಾಶವಿದೆ. ಆಮೇಲೆ ದಾರಿ ಕಡಿದಾಗದೆ, ಬಿಡುವನ್ನೂ ಕೊಡದೆ ಏರುತ್ತ ಹೋಗುತ್ತದೆ. ರೋಹ್ತಾಂಗ್ ಏರಿಕೆಯ ಅರ್ಧದಷ್ಟು ಒಂದೇ ಬಾರಿಗೆ ಇಲ್ಲಿ ಸಿಗುತ್ತದೆ, ಸರಾಸರಿ ಏರಿನ ಪ್ರಮಾಣವೂ ಹೆಚ್ಚುಕಡಿಮೆ ಅಷ್ಟೇ.

ಮಲೆನಾಡಿನ ಗಾಲಿ

ಸಂಪಾಜೆಯ ಸಲಹೆಯನ್ನು ಒಪ್ಪುತ್ತೇನೆ. ನಾನು ತೀರ್ಥಹಳ್ಳಿ ಕಡೆಯವನಾದ್ದರಿಂದ ನಮ್ಮ ಘಾಟಿಗಳ ಬಗ್ಗೆ ಎರಡು ಮಾತು ಸೇರಿಸುತ್ತೇನೆ.

ಸೋಮೇಶ್ವರದಿಂದ ಆಗುಂಬೆಗೆ ಹತ್ತುವ ಹದಿನಾಲ್ಕು ಹೇರ್‌ಪಿನ್ ತಿರುವುಗಳ ಹೆಸರು ಎಲ್ಲರಿಗೂ ಗೊತ್ತು. ಅದು ಅತ್ಯಂತ ಸುಂದರವಾದ ಏರು, ಆದರೆ ನೀವು ಕೇಳುವ ಅರ್ಥದಲ್ಲಿ ಉದ್ದವಾದುದಲ್ಲ. ಅಭ್ಯಾಸವಿರುವವರು ಒಂದು ಗಂಟೆಯೊಳಗೆ ಮುಗಿಸುತ್ತಾರೆ. ಮೇಲಾಗಿ ತಿರುವಿನ ಒಳಅಂಚು ಗೋಡೆಯಂತೆ ಎದ್ದು, ತಿರುವು ದಾಟಿದೊಡನೆ ಸಡಿಲಗೊಳ್ಳುವುದರಿಂದ ಪೆಡಲ್‌ನ ಲಯ ಮತ್ತೆ ಮತ್ತೆ ಕೆಡುತ್ತದೆ. ಹಿಂದಿನಿಂದ ವಾಹನವಿಲ್ಲವೆಂದು ಖಚಿತವಾದಾಗ ಮಾತ್ರ ಹೊರಅಂಚನ್ನು ಹಿಡಿದು ತಿರುಗಿದರೆ ಏರಿನ ಪ್ರಮಾಣ ಬಹಳ ಕಡಿಮೆಯಾಗುತ್ತದೆ.

ಚಾರ್ಮಾಡಿಯೇ ಬೇರೆ. ಚಾರ್ಮಾಡಿ ಊರಿನಿಂದ ಕೊಟ್ಟಿಗೆಹಾರದವರೆಗೆ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ದಾರಿ. ನಿಧಾನವಾಗಿ, ತಾಳ್ಮೆಯಿಂದ ಏರುತ್ತದೆ. ಮೇಲೆ ಕೊಟ್ಟಿಗೆಹಾರದಲ್ಲಿ ಬಿಸಿ ನೀರುದೋಸೆ ಸಿಗುವುದರಿಂದ ಹಸಿವಿನ ಚಿಂತೆಯೂ ಇಲ್ಲ. ಶಿರಾಡಿ ಘಾಟಿಯನ್ನು ಮಾತ್ರ ಸೈಕಲ್ ಅಭ್ಯಾಸಕ್ಕೆ ಯಾರಿಗೂ ಸೂಚಿಸಲಾರೆ, ಅಲ್ಲಿನ ಲಾರಿಗಳ ಸಾಲು ಹಗಲಿರುಳು ಕಡಿಮೆಯಾಗುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಯಾವ ಘಾಟಿಗೂ ಬರಬೇಡಿ. 2018ರಲ್ಲಿ ಜೋಡುಪಾಲ, ಮದೆನಾಡು ಭಾಗದಲ್ಲಿ, 2019ರಲ್ಲಿ ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ರಸ್ತೆಗಳು ಮುಚ್ಚಿದ್ದನ್ನು ನಾವೆಲ್ಲ ಕಂಡಿದ್ದೇವೆ. ಮಳೆ ನಿಂತ ಮೇಲೂ ನೆರಳಿನ ತಿರುವುಗಳಲ್ಲಿ ಪಾಚಿ ಕೆಲವು ವಾರ ಉಳಿದಿರುತ್ತದೆ.

ಗೇರು ಮತ್ತು ಉಸಿರು

ರಸ್ತೆಯ ಬಗ್ಗೆ ಹಿರಿಯರು ಹೇಳಿದ್ದಾರೆ, ಗೇರ್ ಬಗ್ಗೆ ನಾನು ಹೇಳುತ್ತೇನೆ. ಇದನ್ನು ಸರಿಪಡಿಸಿಕೊಳ್ಳದೆ ಉದ್ದದ ಏರಿಗೆ ಹೋದರೆ ಮಂಡಿ ನೋವಷ್ಟೇ ಗಳಿಕೆ.

ಸವಾರ, ಸೈಕಲ್, ನೀರು ಎಲ್ಲ ಸೇರಿ 80 ಕೆ.ಜಿ. ಎಂದುಕೊಳ್ಳಿ. ಶೇ. 6ರ ಏರಿನಲ್ಲಿ ಗಂಟೆಗೆ 12 ಕಿ.ಮೀ. ವೇಗದಲ್ಲಿ ಹೋಗಲು ಸುಮಾರು 180 ವಾಟ್ ಬೇಕು, ಅದರಲ್ಲಿ 155 ವಾಟ್‌ಗೂ ಹೆಚ್ಚು ಗುರುತ್ವಕ್ಕೇ ಖರ್ಚಾಗುತ್ತದೆ. ಆ ವೇಗದಲ್ಲಿ ಮುಂದೆ 34 ಹಲ್ಲು, ಹಿಂದೆ 28 ಹಲ್ಲಿನ ಗೇರ್ ಹಾಕಿದರೆ ಪೆಡಲ್ ನಿಮಿಷಕ್ಕೆ ಸುಮಾರು 78 ಸುತ್ತು ತಿರುಗುತ್ತದೆ, ಅದು ಹಿತವಾದ ಲಯ. ಆದರೆ ದಣಿದು ವೇಗ ಗಂಟೆಗೆ 8 ಕಿ.ಮೀ.ಗೆ ಇಳಿದಾಗ ಅದೇ ಗೇರ್‌ನಲ್ಲಿ ಸುತ್ತು 52ಕ್ಕೆ ಬೀಳುತ್ತದೆ, ಪ್ರತಿ ಒತ್ತಿಗೂ ಮಂಡಿಯ ಮೇಲೆ ಭಾರ ಬೀಳುತ್ತದೆ. ಹಿಂದಿನ ಕ್ಯಾಸೆಟ್‌ನಲ್ಲಿ (ಹಿಂಗಾಲಿಯ ಹಲ್ಲುಚಕ್ರಗಳ ಗುಂಪಿನಲ್ಲಿ) 34 ಹಲ್ಲಿನ ಚಕ್ರವಿದ್ದರೆ ಅಲ್ಲಿಯೂ 63 ಸುತ್ತು ಉಳಿಯುತ್ತದೆ. ಹಿಮಾಲಯದಲ್ಲಿ ಆಮ್ಲಜನಕ ಕಡಿಮೆಯಾಗಿ ವೇಗ ಖಂಡಿತ ಇಳಿಯುವುದರಿಂದ ಈಗಲೇ ಆ ಕ್ಯಾಸೆಟ್ ಹಾಕಿಸಿ ಅದರಲ್ಲೇ ಅಭ್ಯಾಸ ಮಾಡಿ.

ಪ್ರತಿ ವಾರ ಕೊಡಗಿಗೆ ಹೋಗಲು ಯಾರಿಗೂ ಆಗುವುದಿಲ್ಲ. ಆದ್ದರಿಂದ ನಂದಿಯನ್ನು ಬಿಡಬೇಡಿ, ಅದನ್ನು ಬಳಸುವ ಕ್ರಮವನ್ನು ಬದಲಿಸಿ. ಕೆಳಭಾಗವನ್ನು ಮೈ ಬಿಸಿಮಾಡಲಷ್ಟೇ ಇಟ್ಟುಕೊಂಡು, ಮೇಲಿನ ಕಡಿದಾದ ಭಾಗವನ್ನು ಮಾತ್ರ ಮೂರು ಬಾರಿ ಒಂದೇ ಪ್ರಮಾಣದ ಶ್ರಮದಲ್ಲಿ ಹತ್ತಿ. ಸಾಧ್ಯವಾದರೆ ಭಾನುವಾರ ಬಿಟ್ಟು ವಾರದ ನಡುವೆ ಹೋಗಿ, ವಾಹನಗಳ ಹೊಗೆಯಿಂದಲಾದರೂ ಪಾರಾಗುತ್ತೀರಿ.

ಘಾಟಿ ಸವಾರ

ಗೇರಿನ ಲೆಕ್ಕ ಬಹಳ ಉಪಯುಕ್ತವಾಗಿದೆ. ನಂದಿಯನ್ನು ಮೂರು ಬಾರಿ ಹತ್ತುವುದರ ಬಗ್ಗೆ ಮಾತ್ರ ಒಂದು ತಕರಾರು. ಶ್ರಮದ ನಿಮಿಷಗಳು ಕೂಡಿಸಿದರೆ ಸಮವಾಗಬಹುದು, ಆದರೆ ನಡುನಡುವೆ ಇಳಿಯುವಾಗ ಕಾಲಿಗೂ ಬೆನ್ನಿಗೂ ಸಿಗುವ ವಿಶ್ರಾಂತಿ ಉದ್ದದ ಏರಿನಲ್ಲಿ ಸಿಗುವುದಿಲ್ಲ. ಐವತ್ತನೆಯ ನಿಮಿಷದಲ್ಲಿ ಸೊಂಟ ಹಿಡಿದುಕೊಳ್ಳುವುದು, ಅಂಗೈ ಜೋಮು ಹಿಡಿಯುವುದು, ಪೆಡಲ್ ನಿಲ್ಲಿಸದೆ ಒಂದು ಕೈಯಲ್ಲಿ ನೀರು ಕುಡಿಯುವುದು, ಇವೆಲ್ಲವನ್ನೂ ಕಲಿಸುವುದು ಉದ್ದದ ಏರೊಂದೇ. ತಿಂಗಳಿಗೊಮ್ಮೆಯಾದರೂ ಘಾಟಿಗೆ ಹೋಗಲೇಬೇಕು.

ಕೊಯಮತ್ತೂರು ಕನ್ನಡಿಗ

ಮೆಟ್ಟುಪಾಳ್ಯದಿಂದ ಕೋತಗಿರಿಗೆ ಹೋಗುವ ರಸ್ತೆಯನ್ನು ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಸುಮಾರು 33 ಕಿ.ಮೀ. ದೂರದಲ್ಲಿ 1,400 ಮೀಟರಿಗೂ ಹೆಚ್ಚು ಏರಿಕೆಯಿದೆ. ಊಟಿಗೆ ಮಸಿನಗುಡಿಯಿಂದ ಹತ್ತುವ ಕಲ್ಲಟ್ಟಿ ಏರು ಹೆಚ್ಚು ಪ್ರಸಿದ್ಧ. ಆದರೆ ಅದು 36 ತಿರುವುಗಳ, ಬಹಳ ಕಡಿದಾದ ದಾರಿ, ಶಕ್ತಿಯ ಪರೀಕ್ಷೆಗೆ ಸರಿ, ಲಯದ ಅಭ್ಯಾಸಕ್ಕಲ್ಲ. ಕೋತಗಿರಿ ದಾರಿಯ ಕೆಳಭಾಗದಲ್ಲಿ ಕುಂಜಪ್ಪನೈ ಸುತ್ತಮುತ್ತ ಆನೆಗಳು ರಸ್ತೆ ದಾಟುತ್ತವೆ, ಆದ್ದರಿಂದ ಚೆನ್ನಾಗಿ ಬೆಳಕು ಹರಿದ ಮೇಲೆಯೇ ಹೊರಡಿ.

ಏರುದಾರಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ವಾರದ ನಡುವೆ ನಂದಿಯ ಮೇಲ್ಭಾಗವನ್ನು ಮೂರು ಬಾರಿ, ತಿಂಗಳಿಗೊಮ್ಮೆ ಸಂಪಾಜೆ, ಏಪ್ರಿಲ್‌ನಲ್ಲಿ ಕೋತಗಿರಿ ಎಂದು ನಿರ್ಧರಿಸಿದ್ದೇವೆ. ಕ್ಯಾಸೆಟ್ ಬದಲಾಯಿಸಲು ಕೊಟ್ಟಾಗಿದೆ. ಕೊನೆಯದಾಗಿ ಒಂದು ಪ್ರಶ್ನೆ: ಮಡಿಕೇರಿಯಿಂದ ಮತ್ತೆ ಸಂಪಾಜೆಗೆ ಸೈಕಲ್‌ನಲ್ಲೇ ಇಳಿಯುವುದು ಸರಿಯೇ? ನಮ್ಮ ಮೂರೂ ಸೈಕಲ್‌ಗಳಲ್ಲಿ ರಿಮ್ ಬ್ರೇಕ್ (ಗಾಲಿಯ ಅಂಚನ್ನೇ ಒತ್ತಿ ಹಿಡಿಯುವ ಬ್ರೇಕ್) ಇದೆ.

ಮಲೆನಾಡಿನ ಗಾಲಿ

ಅಲ್ಯೂಮಿನಿಯಂ ರಿಮ್ ಆದರೆ ಇಳಿಯಬಹುದು, ಆದರೆ ಬ್ರೇಕನ್ನು ಒತ್ತಿ ಹಿಡಿದುಕೊಂಡೇ ಇರಬೇಡಿ. ನಾನು ಆಗುಂಬೆಯಿಂದ ಮೊದಲ ಬಾರಿ ಇಳಿದಾಗ ಭಯದಿಂದ ಹಾಗೆಯೇ ಮಾಡಿದ್ದೆ. ಒಂಬತ್ತನೆಯ ತಿರುವಿನ ಬಳಿ ಹಿಂದಿನ ಟ್ಯೂಬ್ ಸಿಡಿಯಿತು, ರಿಮ್ ಮುಟ್ಟಿದಾಗ ಬೆರಳು ಸುಟ್ಟಿತು. ತಿರುವಿಗೆ ಮೊದಲು ಎರಡೂ ಬ್ರೇಕ್‌ಗಳನ್ನು ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಟ್ಟು ತಿರುಗಿ, ನೇರ ದಾರಿಯಲ್ಲಿ ರಿಮ್ ತಣಿಯಲು ಬಿಡಿ. ಮದೆನಾಡಿನಲ್ಲೊಮ್ಮೆ, ಜೋಡುಪಾಲದಲ್ಲೊಮ್ಮೆ ನಿಂತು ರಿಮ್ ಬಳಿ ಕೈಯೊಡ್ಡಿ ನೋಡಿ, ಕಾವು ತಟ್ಟಿದರೆ ಐದು ನಿಮಿಷ ಕಾಯಿರಿ. ಕಾರ್ಬನ್ ರಿಮ್ ಆಗಿದ್ದರೆ ಮಾತ್ರ ಸೈಕಲ್‌ಗಳನ್ನು ವಾಹನದಲ್ಲಿ ಹಾಕಿಕೊಂಡು ಇಳಿಯಿರಿ.