ಧಾತುವನ್ನು ಸೀಳಿ ಒಳಗೆ ನಿಲ್ಲುವ ರೂಪಕ್ಕೆ ಕನ್ನಡದಲ್ಲಿ ಏನೆನ್ನಬೇಕು? (ಉದಿ ಭಾಷೆಯ ಲೇಖನಕ್ಕಾಗಿ)

ಮಾನ್ಯರೆ,

ಅಜರ್‌ಬೈಜಾನಿನ ನಿಜ್ ಎಂಬ ಊರಿನಲ್ಲಿಯೂ ಜಾರ್ಜಿಯಾದ ಜಿನೋಬಿಯಾನಿಯಲ್ಲಿಯೂ ಉಳಿದಿರುವ ಉದಿ ಭಾಷೆಯ ಕುರಿತ ಲೇಖನವೊಂದನ್ನು ಅನುವಾದಿಸುತ್ತಿದ್ದೇನೆ. ಸೋಮವಾರ ಅದು ಅಚ್ಚಿಗೆ ಹೋಗಬೇಕು. ಧಾತುವನ್ನು ಸೀಳಿ ಒಳಗೆ ನಿಲ್ಲುವ ರೂಪಕ್ಕಿರುವ ‘ಎಂಡೋಕ್ಲಿಟಿಕ್’ ಎಂಬ ಪದದ ಬಳಿ ಕೆಲಸ ನಿಂತಿದೆ. ಉದಿಯಲ್ಲಿ ‘ಅಕ್’ ಎಂದರೆ ಪಡೆ. ‘ನಾನು’ ಎಂಬುದನ್ನು ಸೂಚಿಸುವ ‘ಜ಼್’ ಆ ಧಾತುವಿನ ಎರಡು ಧ್ವನಿಗಳ ನಡುವೆಯೇ ಸೇರುತ್ತದೆ: ‘ಕಾಗುಜ಼ಖ಼್ ಅ-ಜ಼್-ಕ್-ಎ’, ಎಂದರೆ ಕಾಗದವನ್ನು ಪಡೆದೆ. ಇದನ್ನು ‘ಅಂತಃಪ್ರತ್ಯಯ’ ಎನ್ನಬಹುದೇ?

ಉತ್ತರ:

ಎನ್ನಬಾರದು. ಮುನ್ನೊಟ್ಟು, ಹಿನ್ನೊಟ್ಟುಗಳಿರುವಾಗ ‘ನಡುವೊಟ್ಟು’ ಎಂಬುದು ತಾನಾಗಿಯೇ ಒದಗುತ್ತದೆ. ವಿಸರ್ಗವನ್ನು ಎರವಲು ತರುವ ಅಗತ್ಯವೇ ಇಲ್ಲ. ಉದಿಗೆ ಹತ್ತಿರದ ಪೂರ್ವರೂಪವೆನಿಸಿದ ಕಕೇಶಿಯನ್ ಅಲ್ಬೇನಿಯನ್ (ಇಂದಿನ ಅಲ್ಬೇನಿಯಾ ದೇಶದ್ದಲ್ಲ) ನುಡಿಗೆ 52 ಅಕ್ಷರಗಳ ಸ್ವಂತ ಲಿಪಿಯಿತ್ತು. ಅಷ್ಟು ಚಿಕ್ಕ ಜನಾಂಗಕ್ಕಿದ್ದ ಸ್ವಂತಿಕೆಯ ಹಂಬಲ ನಮಗೇಕಿಲ್ಲ?

ಉತ್ತರ:

ಇಬ್ಬರ ಸೂಚನೆಯೂ ತಪ್ಪು. ನಡುವೊಟ್ಟಾಗಲಿ ಅಂತಃಪ್ರತ್ಯಯವಾಗಲಿ ಧಾತುವಿಗೆ ಮಾತ್ರ ಕಟ್ಟುಬಿದ್ದ ರೂಪ. ಉದಿಯ ಪುರುಷಸೂಚಕ ಹಾಗಲ್ಲ: ವಾಕ್ಯದಲ್ಲಿ ನಿಷೇಧದ ‘ತೆ’ ಬಂದರೆ ಅದು ಕ್ರಿಯಾಪದವನ್ನು ಬಿಟ್ಟು ‘ತೆ-ನೆ’ (‘ನೆ’ ಎಂದರೆ ಅವನು ಅಥವಾ ಅವಳು) ಎಂದು ಆ ‘ತೆ’ಗೆ ಅಂಟುತ್ತದೆ, ಒತ್ತು ಬೇರೊಂದು ಪದದ ಮೇಲೆ ಬಿದ್ದರೆ ಆ ಪದಕ್ಕೆ ಅಂಟುತ್ತದೆ. ‘ರಾಮನೇ’, ‘ನಿನ್ನೆಯೇ’, ‘ಬಂದೇ ಬಿಟ್ಟ’ ಎಂಬಲ್ಲಿ ನಮ್ಮ ಅವಧಾರಣೆಯ ‘ಏ’ ಆಶ್ರಯ ಬದಲಿಸುವಂತೆಯೇ ಇದು. ಆದರೆ ನಮ್ಮ ‘ಏ’ ಎಂದೂ ಧಾತುವನ್ನು ಸೀಳುವುದಿಲ್ಲ. ಇಂಥ ರಚನೆ ಯಾವ ಭಾಷೆಯಲ್ಲಿಯೂ ಇರಲಾರದು ಎನ್ನುತ್ತಿದ್ದವರ ಮುಂದೆ ಭಾಷಾವಿಜ್ಞಾನಿ ಆಲಿಸ್ ಹ್ಯಾರಿಸ್ 2002ರ ತಮ್ಮ ಗ್ರಂಥದಲ್ಲಿ ಉದಿಯನ್ನೇ ಸಾಕ್ಷಿಯಾಗಿ ಇಟ್ಟರು. ಆ ಸಾಕ್ಷ್ಯದ ತಿರುಳನ್ನೇ ‘ನಡುವೊಟ್ಟು’ ಅಳಿಸಿಹಾಕುತ್ತದೆ.

ಎರವಲಿನ ಮಾತಿಗೆ ಬಂದರೆ, ಚರ್ಚೆಯಲ್ಲಿರುವ ವಾಕ್ಯವನ್ನೇ ಮತ್ತೊಮ್ಮೆ ಓದಿ. ಉದಿಯ ‘ಕಾಗುಜ಼್’ ಮತ್ತು ನಮ್ಮ ‘ಕಾಗದ’ ಎರಡೂ ಪಾರಸಿಯ ‘ಕಾಗಜ಼್’ ಪದದಿಂದಲೇ ಬಂದವು, ಎರಡೂ ಕಡೆ ಅದಕ್ಕೆ ಪತ್ರವೆಂಬ ಅರ್ಥವೂ ಇದೆ. ಮೊದಲ ಉತ್ತರದವರೇ, ನೀವು ಹೊಗಳಿದ ಆ 52 ಅಕ್ಷರಗಳಲ್ಲಿ ಬರೆದ ಸುವಾರ್ತೆಯ ಹಾಳೆಗಳು ಸಿನಾಯ್ ಪರ್ವತದ ಮಠದಲ್ಲಿ, ಮೇಲೆ ಜಾರ್ಜಿಯನ್ ಬರಹವನ್ನು ಹೊತ್ತು ಉಳಿದಿದ್ದವು. ಜಾರ್ಜಿಯಾದ ವಿದ್ವಾಂಸ ಜಾಜಾ ಅಲೆಕ್ಸಿಡ್ಜೆ 1996ರಲ್ಲಿ ಗುರುತಿಸಿದ ಆ ಅಡಿಬರಹದಲ್ಲಿಯೂ ಅರ್ಮೇನಿಯನ್ ಎರವಲುಗಳಿವೆ. ಎರವಲಿನಿಂದ ಆ ನುಡಿ ಕೆಟ್ಟಿತೆಂದು ಅದನ್ನು ಓದಿದ ಯಾರೂ ಹೇಳಲಾರರು.

ಕೇಳಿದವರಿಗೆ: ಶೀರ್ಷಿಕೆಯಲ್ಲಿ ‘ಧಾತುಗರ್ಭ ನಿಪಾತ’ ಎಂದು ಹಾಕಿ, ಮೊದಲ ಬಳಕೆಯಲ್ಲಿ ‘ಧಾತುವಿನೊಳಗೆ ಸೇರುವ ನಿಪಾತ’ ಎಂದು ಬಿಡಿಸಿ ಬರೆಯಿರಿ; ನಮ್ಮ ‘ಏ’ಯಂತೆ ಆಶ್ರಯ ಬದಲಿಸುವ ರೂಪವನ್ನೇ ಇಲ್ಲಿ ನಿಪಾತ ಎಂದಿದ್ದೇನೆ. ‘ಅಕ್’ ಎಂಬಲ್ಲಿಯ ‘ಕ್’ ಕಿರುನಾಲಿಗೆಯ ಬಳಿ ಹುಟ್ಟುವ, ಉಸಿರು ಬೆರೆಯದ ಬಿಗಿ ಧ್ವನಿ. ಕರಡು ತಿದ್ದುವವರು ಅದನ್ನು ‘ಖ್’ ಮಾಡದಂತೆ ನೋಡಿಕೊಳ್ಳಿ.